ಆರು ಕೂಗಿನ ಎಂಜೈಮು

ಬಿದಿರು ಬೇಯಿಸುವುದರಲ್ಲಿ ಭದ್ರಾವತಿಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಈ ಮಾತನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲ! ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿದಿರನ್ನು ಕುದಿಸಿ ಗಂಜಿ ಮಾಡಿದವನು ನಾನು. ಗಿಡಮರದ ನಾರು ಬೆಂಕಿಗಲ್ಲದೆ ಬೇರಾವುದಕ್ಕೂ ಬಗ್ಗುವುದಿಲ್ಲ ಎಂಬುದು ನನ್ನ ಅಚಲ ನಂಬಿಕೆ.

ಮಗಳು ಶಾಹೀನ್ ಶಿವಮೊಗ್ಗದ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ರಸ್ತೆ ಬದಿಯಲ್ಲಿ ರಾಶಿ ಬಿದ್ದು ಕೊಳೆಯುವ ಅಡಿಕೆ ಸಿಪ್ಪೆಯನ್ನು ಎಂಜೈಮು ಹಾಕಿ ಕರಗಿಸಿ ಸಕ್ಕರೆ ನೀರು ಮಾಡುವುದು, ಅದರಿಂದ ಇಂಧನ ತೆಗೆಯುವುದು ಅವಳ ಕೆಲಸ. ಭಾನುವಾರ ಅಲ್ಲಿ ಉದ್ಯಮಿಗಳ ಮುಂದೆ ಅವಳು ಅದನ್ನು ತೋರಿಸಬೇಕಿತ್ತು. ಅವರು ಒಪ್ಪಿದರೆ ದೊಡ್ಡದಾಗಿ ಮಾಡಿ ನೋಡಲು ಭದ್ರಾವತಿಯಲ್ಲೇ ಒಂದು ಶೆಡ್ಡು. ಒಪ್ಪದಿದ್ದರೆ ನಾಲ್ಕು ವರ್ಷದ ದುಡಿಮೆ ಬಾಟಲಿಯಲ್ಲೇ ಉಳಿಯುತ್ತದೆ.

ಲ್ಯಾಬಿನಲ್ಲಿ ಎರಡು ದಿನ ಕರೆಂಟಿಲ್ಲವೆಂದು ಶುಕ್ರವಾರ ಬೆಳಿಗ್ಗೆ ಎರಡು ಬಾಟಲಿಗಳಲ್ಲಿ ಸಿಪ್ಪೆ, ಎಂಜೈಮು ಬೆರೆಸಿ ನಮ್ಮ ಮನೆಯಲ್ಲೇ ಬಿಸಿನೀರಿನ ಬಕೆಟ್ಟಿನಲ್ಲಿಟ್ಟಳು.

"ಅಬ್ಬಾ, ಸ್ನಾನದ ನೀರಿನಷ್ಟೇ ಬಿಸಿ ಇರ್ಲಿ. ಆರಿದ್ರೆ ನೀರು ಬದಲಾಯಿಸಿ. ಬೇರೇನೂ ಮಾಡ್ಬೇಡಿ!"

"ಬೇಯಿಸೋದು ನನಗೇ ಹೇಳ್ಕೊಡ್ತೀಯಾ?"

"ಬೇಯಿಸೋದಲ್ಲ ಅಬ್ಬಾ!" ಎನ್ನುತ್ತಲೇ ಬಸ್ಸಿಗೆ ಓಡಿದಳು.

ಗಂಟೆ ಕಳೆಯಿತು. ಸಿಪ್ಪೆ ಸುಖವಾಗಿ ಸ್ನಾನ ಮಾಡುತ್ತಿತ್ತು, ಕರಗುವ ಲಕ್ಷಣವೇ ಇಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಮುರುಗೇಶ ಬಂದ. ಅವನು ನನ್ನ ಜೊತೆ ಬಾಯ್ಲರಿನ ಮುಂದೆ ಬೆವರಿದವನು. ಬಕೆಟ್ಟಿಗೆ ಕೈ ಅದ್ದಿ ನಕ್ಕ.

"ಇದೇನ್ ಮಾರಾಯಾ, ಈ ಬಿಸೀಲಿ ಸೊಪ್ಪೂ ಬೇಯಲ್ಲ!"

ನನ್ನ ಮೂವತ್ತು ವರ್ಷದ ಅನುಭವ ಒಮ್ಮೆಲೇ ಎದ್ದು ನಿಂತಿತು. ಮಗಳಿಗೆ ತಂದೆಯಾದವನು ಇಷ್ಟೂ ಸಹಾಯ ಮಾಡದಿದ್ದರೆ ಹೇಗೆ? ಹೆಂಡತಿ ಮುಮ್ತಾಜ್ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಒಂದು ಬಾಟಲಿಯನ್ನು ಕುಕ್ಕರಿನಲ್ಲಿಟ್ಟೆ. ಒಂದು ಕೂಗು, ಎರಡು ಕೂಗು... ನಾರಿನ ವಿಷಯದಲ್ಲಿ ಜಿಪುಣತನ ಸಲ್ಲದೆಂದು ಆರು ಕೂಗಿಸಿದೆ! ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗ್ಯಾಸ್ ಮುಗಿಯಿತು.

"ಏನ್ರೀ ಇದು ವಾಸನೆ?" ಎನ್ನುತ್ತಾ ಮುಮ್ತಾಜ್ ಇಳಿದು ಬಂದಳು.

"ವಿಜ್ಞಾನ," ಎಂದೆ ಗಂಭೀರವಾಗಿ.

ಅವಳು ಕುಕ್ಕರಿನೊಳಗೆ ನೋಡಿದಳು, ನನ್ನನ್ನು ನೋಡಿದಳು, ಮಗಳಿಗೆ ಫೋನು ಮಾಡಿದಳು. "ನಿಮ್ಮಬ್ಬ ನಿನ್ನ ಎಂಜೈಮಿಗೆ ಆರು ಕೂಗು ಕೂಗ್ಸಿದಾರೆ."

ಹೇಳಿ ಫೋನನ್ನು ನನ್ನ ಕೈಗೆ ತುರುಕಿದಳು. ಶಾಹೀನ್ ಸಣ್ಣ ದನಿಯಲ್ಲಿ ಕೇಳಿದಳು. "ಕುದಿಸಿದ್ರೆ ಎಂಜೈಮು ಸತ್ತೇ ಹೋಗುತ್ತೆ ಅಬ್ಬಾ. ಎರಡನ್ನೂ ಕುದಿಸಿದ್ರಾ?"

"ಗ್ಯಾಸ್ ಮುಗೀತು."

"ಅಲ್ಹಮ್ದುಲಿಲ್ಲಾ!" ಎಂದಳು ಮಗಳು. "ಕುದಿಸಿದ್ದನ್ನೂ ಬಕೆಟ್ಟಲ್ಲೇ ಇಟ್ಟಿರಿ. ಭಾನುವಾರ ಎರಡನ್ನೂ ತನ್ನಿ."

ಶಿಕ್ಷೆಗಿರಬೇಕೆಂದುಕೊಂಡೆ. ಎರಡು ದಿನ ಅಲಾರಂ ಇಟ್ಟುಕೊಂಡು ಗೀಸರಿನಿಂದ ಬಿಸಿನೀರು ಹಿಡಿದು ಬದಲಾಯಿಸಿದೆ. ಕುದಿಸದ ಬಾಟಲಿಯಲ್ಲಿ ಸಿಪ್ಪೆ ಕರಗಿ ಕೆಸರಾಯಿತು. ನನ್ನ ಬಾಟಲಿಯಲ್ಲಿ ಒಂದೊಂದು ನಾರೂ ಆರೋಗ್ಯವಾಗಿತ್ತು!

ಭಾನುವಾರ ಸಭೆಯಲ್ಲಿ ದಪ್ಪ ಕನ್ನಡಕದ ಉದ್ಯಮಿಯೊಬ್ಬರು ಎದ್ದರು. "ಬಿಸಿನೀರಿಗೇ ಕರಗಿರ್ಬೋದಲ್ಲಮ್ಮ? ಎಂಜೈಮೇ ಕರಗಿಸ್ತು ಅನ್ನೋದಕ್ಕೆ ಏನು ಗ್ಯಾರಂಟಿ?"

ಶಾಹೀನ್ ನನ್ನ ಬಾಟಲಿಯನ್ನು ಎತ್ತಿ ಹಿಡಿದಳು. "ಅದೇ ಸಿಪ್ಪೆ, ಅದೇ ಎಂಜೈಮು, ಅದೇ ಬಿಸಿನೀರು ಸಾರ್. ಆದ್ರೆ ಇದ್ರಲ್ಲಿ ಎಂಜೈಮನ್ನ ಮೊದ್ಲೇ ಕುದಿಸಿ ಕೊಂದಿದೆ. ನೋಡಿ, ಹಾಗೇ ಇದೆ."

"ಭೇಷ್! ಕುದಿಸಿದ್ದು ಯಾರು?"

"ನಮ್ಮ ಅಬ್ಬ. ಮೂವತ್ತು ವರ್ಷದ ಅನುಭವ!"

ಚಪ್ಪಾಳೆ ಬಿತ್ತು. ನಾನು ಎದ್ದು ಸಲಾಂ ಮಾಡಿದೆ. ನಿಜ ಹೇಳುತ್ತೇನೆ, ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ನಾನು ಅಷ್ಟು ಬೆಂಕಿ ಸುರಿದು ಮಾಡುತ್ತಿದ್ದ ಕೆಲಸವನ್ನು ನನ್ನ ಮಗಳು ಒಂದು ಬಕೆಟ್ ಸ್ನಾನದ ನೀರಿನಲ್ಲಿ ಮಾಡಿ ತೋರಿಸಿದ್ದಳು.

ಶೆಡ್ಡು ಸಿಕ್ಕಿತು. ನನ್ನ ಬಾಟಲಿಗೂ ಅಲ್ಲಿ ಗಾಜಿನ ಕಪಾಟಿನಲ್ಲಿ ಜಾಗ ಸಿಕ್ಕಿದೆ, ಚೀಟಿಯ ಸಮೇತ: "ಕೆಲಸ ಮಾಡುವುದಿಲ್ಲ. ಹೋಲಿಕೆಗೆ ಮಾತ್ರ." ಅದರ ಪಕ್ಕ ಹೆಮ್ಮೆಯಿಂದ ನಿಂತು ಫೋಟೋ ತೆಗೆಸಿಕೊಂಡು ಮುಮ್ತಾಜ್‌ಗೆ ತೋರಿಸಿದೆ.

ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಚೀಟಿ ಯಾರಿಗೆ ರೀ ಅಂಟಿಸಿದ್ದು? ಬಾಟಲಿಗೋ, ನಿಮಗೋ?"