ಬಿಸಿ ನೀರಿನ ಮೇಷ್ಟ್ರು

ಎಮೊರುಟ್ ಮೇಷ್ಟ್ರು ಕುಡಿಯುವುದನ್ನು ಬಿಟ್ಟುಬಿಟ್ಟರು. ಬಿಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಡಾಕ್ಟರು ಹೇಳಿರಲಿಲ್ಲ, ಪಾದ್ರಿಗಳು ಹೇಳಿರಲಿಲ್ಲ, ಮುಖ್ಯವಾಗಿ ಹೆಂಡತಿ ಅಸೆಕೆನ್ಯೆ ಹೇಳಿರಲಿಲ್ಲ. (ಈ ಕೊನೆಯ ಸಂಗತಿಯನ್ನು ಆಕೆ ಆಮೇಲೆ ದಿನಕ್ಕೆ ನಾಲ್ಕು ಸಲವಾದರೂ ನೆನಪಿಸುತ್ತಿದ್ದಳು.) ಯಾರಾದರೂ ಹೇಳಿ ಬಿಡಿಸಿದ್ದರೆ ಮುಂದೆ ಆದ ಅನಾಹುತಕ್ಕೆಲ್ಲ ಅವರನ್ನೇ ಬೈದುಕೊಂಡು ಮೇಷ್ಟ್ರು ಹಾಯಾಗಿ ಇರಬಹುದಿತ್ತು. ಆ ಅನುಕೂಲವೂ ಇಲ್ಲದೆ ಹೋಯಿತು.

ಆಗಿದ್ದು ಇಷ್ಟೇ. ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಕಾನಾ ಊರಿನ ಮದುವೆಯ ಕಥೆ ಹೇಳುತ್ತಿದ್ದರು. ದ್ರಾಕ್ಷಾರಸ ಮುಗಿದುಹೋಯಿತು, ಆರು ಕಲ್ಲಿನ ಬಾನಿಗಳು ಖಾಲಿ ನಿಂತಿವೆ, "ಬಾನಿಗಳಿಗೆ ನೀರು ತುಂಬಿರಿ" ಎಂದು ಸ್ವಾಮಿ ಅಪ್ಪಣೆ ಕೊಟ್ಟರು ಎಂಬಲ್ಲಿಗೆ ಬಂದು, ಜನರ ಮನಸ್ಸಿಗೆ ನಾಟಲಿ ಎಂದು ಪಾದ್ರಿಗಳು ಒಂದು ಕ್ಷಣ ಸುಮ್ಮನಾದರು. ಆ ಮೌನದಲ್ಲಿ ಎರಡನೇ ಸಾಲಿನಿಂದ, ಕಣ್ಣು ಮುಚ್ಚಿಕೊಂಡೇ, ಪ್ರೈಮರಿ ಶಾಲೆಯ ಹೆಡ್‌ಮೇಷ್ಟ್ರು ಗಟ್ಟಿಯಾಗಿ ಹೇಳಿದರು:

"ಬಿಸಿ ನೀರು ಹಾಕಿ, ಬಿಸಿ ನೀರು."

ಬೇರೆ ಊರಿನಲ್ಲಾಗಿದ್ದರೆ ಏನೋ ಕನವರಿಕೆ ಎಂದು ಬಿಡುತ್ತಿದ್ದರು. ಕುಮಿ ಪಟ್ಟಣದ ಕಡೆಯ ಆ ಹಳ್ಳಿಯಲ್ಲಿ ಆ ಮಾತು ಎಲ್ಲಿಯದು ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಸಂಜೆಯಾದರೆ ಹೆಂಡ ಮಾಡಿ ಮಾರುವ ಅಮುಗೆಯ ಮಾವಿನ ಮರದ ಕೆಳಗೆ ಅಜೋನ್ ಎಂಬ ರಾಗಿ ಹೆಂಡದ ಗಡಿಗೆ ಇಳಿಯುತ್ತದೆ. ಹುಳಿ ಬಂದ ರಾಗಿಯ ಮೇಲೆ ಬಿಸಿ ನೀರು ಹೊಯ್ಯುತ್ತಾರೆ, ಹನ್ನೆರಡು ಜನ ಸುತ್ತಲೂ ಕೂತು ಎರಡಾಳುದ್ದದ ಕೊಳವೆಗಳನ್ನು ಇಳಿಬಿಟ್ಟು ಹೀರುತ್ತಾರೆ. ರಸ ತೆಳ್ಳಗಾದಾಗ, ಗಡಿಗೆ ತಗ್ಗಿದಾಗ, ಯಾರಾದರೊಬ್ಬರು ಕೂಗುವ ಮಾತೇ ಅದು. ಚರ್ಚು ನಕ್ಕಿತು. ಹಾಡುವವರು ನಕ್ಕರು. ಪಾದ್ರಿಗಳು ಕೆಮ್ಮಿದಂತೆ ಮಾಡಿ ನಕ್ಕರು. ಅಸೆಕೆನ್ಯೆ ಮಾತ್ರ ನಗಲಿಲ್ಲ, ತಲೆಗೆ ಕಟ್ಟಿದ ಬಟ್ಟೆಯನ್ನು ಹುಬ್ಬಿನ ತನಕ ಎಳೆದುಕೊಂಡಳು.

ಮೇಷ್ಟ್ರಿಗೆ ತಮಗೆ ತಾವೇ ಅಂಕ ಕೊಟ್ಟುಕೊಳ್ಳುವ ಚಟ ಇತ್ತು, ಮೂವತ್ತು ವರ್ಷ ಬೇರೆಯವರಿಗೆ ಕೊಟ್ಟು ಕೊಟ್ಟು ಬಂದದ್ದು. ಅಂದು ಮನೆಗೆ ನಡೆಯುತ್ತಾ ಹತ್ತಕ್ಕೆ ಒಂದು ಕೊಟ್ಟುಕೊಂಡರು. (ಆ ಒಂದೂ ಉಚ್ಚಾರಣೆಗೆ.) ಅಂಗಳ ಮುಟ್ಟಿದವರೇ ಕೋಳಿಗಳ ಎದುರಿಗೆ ನಿಂತು ಮದ್ಯವರ್ಜನ ಮಹಾಪ್ರತಿಜ್ಞೆ ಮಾಡಿದರು. ಇನ್ನು ಈ ಬಾಯಿಗೆ ಅಜೋನ್ ಸೋಂಕುವುದಿಲ್ಲ. ಅಸೆಕೆನ್ಯೆ, "ಆಯ್ತು, ಈಗ ಬಟ್ಟೆ ಬದಲಾಯಿಸಿ," ಅಂದಳು.

ಪ್ರತಿಜ್ಞೆ ಗಟ್ಟಿಯಾಗಿಯೇ ನಿಂತಿತು, ಅದರಲ್ಲಿ ಮೇಷ್ಟ್ರ ತಪ್ಪೇನೂ ಇಲ್ಲ. ಮೊದಲ ವಾರ ತಲೆ ಹಗುರವಾಯಿತು, ಬೆಳಿಗ್ಗೆ ಕೋಳಿಗಿಂತ ಮೊದಲು ಎಚ್ಚರವಾಯಿತು. ತೊಂದರೆ ಬಂದದ್ದು ಸಂಜೆಗಳಿಂದ. ಐದು ಗಂಟೆಗೆ ಶಾಲೆ ಬಾಗಿಲು ಹಾಕಿದ ಮೇಲೆ ಕತ್ತಲಾಗುವ ತನಕ ಅಷ್ಟುದ್ದದ ಹೊತ್ತು ಇರುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಹೊತ್ತನ್ನು ಮಾವಿನ ಮರದ ಕೆಳಗೇ ಕಳೆದಿದ್ದರು, ಸೈಕಲ್ ರಿಪೇರಿಯ ಒಪೊಲೊಟ್‌ನ ಪಕ್ಕದಲ್ಲಿ, ಬೇರು ಉಬ್ಬಿ ಬೆನ್ನಿಗೆ ಆನಿಕೆ ಕೊಡುವ ಜಾಗದಲ್ಲಿ. ಒಪೊಲೊಟ್ ಎಂದರೆ ಅವರಿಗೆ ಜೀವ. ಇಪ್ಪತ್ತೆರಡು ವರ್ಷದಲ್ಲಿ ಇಬ್ಬರೂ ಒಂದೇ ಒಂದು ಮುಖ್ಯವಾದ ಮಾತು ಆಡಿದವರಲ್ಲ, ಅದಕ್ಕೇ ಅಷ್ಟು ಗೆಳೆತನ.

ಈಗ ಮೇಷ್ಟ್ರು ಅಡಿಗೆಮನೆ ಹೊಕ್ಕರು. ಸೊಪ್ಪನ್ನು ಹೀಗಲ್ಲ, ಅಡ್ಡಕ್ಕೆ ಹೆಚ್ಚಬೇಕು ಅಂದರು. ಕಡಲೆಬೀಜ ಕುಟ್ಟುವ ಒನಕೆಯ ಎತ್ತರ ಅಳೆದರು. ಅಟಪ್ ಮುದ್ದೆ ತಿರುವುತ್ತಿದ್ದ ಹೆಂಡತಿಗೆ, ಬಲದಿಂದ ಎಡಕ್ಕೆ ತಿರುವಿದರೆ ಶ್ರಮ ಕಡಿಮೆ ಎಂದು ವೈಜ್ಞಾನಿಕವಾಗಿ ವಿವರಿಸಿದರು. ಒಂಬತ್ತನೆಯ ದಿನ ಆಕೆ ಮುದ್ದೆ ಕೋಲನ್ನು ಪಾತ್ರೆಯಲ್ಲೇ ನೆಟ್ಟು ತಿರುಗಿದಳು.

"ರೀ, ಕುಡಿಯೋದು ಬಿಟ್ರಿ, ಒಳ್ಳೇದಾಯ್ತು. ಮನೇಲಿರೋದನ್ನ ಯಾಕೆ ಶುರು ಮಾಡಿದ್ರಿ?"

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡರು. ಹೋಗಲಿ, ಊರಿಗಾದರೂ ಹೋಗೋಣ ಅಂದರೆ ಊರೇ ಕೈಬಿಟ್ಟಿತ್ತು. ದನಗಳಿಗೆ ಚುಚ್ಚುಮದ್ದು ಹಾಕಿ ಮುಗಿಸಿದ್ದರು, ಇವರ ಎರಡು ಹಸು ಮಾತ್ರ ಉಳಿದಿದ್ದವು, ಇವರಿಗೆ ಯಾರೂ ಹೇಳಿರಲಿಲ್ಲ. ಒಪೊಲೊಟ್‌ನ ತಂಗಿಯ ಮದುವೆ ಮಾತುಕತೆ ಮುರಿದು ಮತ್ತೆ ಕೂಡಿತ್ತು, ಎರಡೂ ಗೊತ್ತಾಗಲಿಲ್ಲ. ಒಂದು ಶವಸಂಸ್ಕಾರಕ್ಕೆ ಕಪ್ಪು ಕೋಟು ಹಾಕಿ ಹೋದರೆ ಅದು ಹಿಂದಿನ ದಿನವೇ ಮುಗಿದಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಗಡಿಗೆ ಹತ್ತಿರ ಹೇಳಿದ್ವಲ್ಲ.

ಇದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿತ್ತು. ಕೊಳವೆ ಒಂದು ತಿಂಗಳು ಗಡಿಗೆಗೆ ಇಳಿಯದಿದ್ದರೆ ಆ ಜಾಗ ಹೋಯಿತು, ಅದು ಕಟ್ಟಳೆ. ಮೇಷ್ಟ್ರ ಜಾಗಕ್ಕೆ ದನದ ಡಾಕ್ಟರು ಎಲುಂಗಟ್ ಮೂರು ವರ್ಷದಿಂದ ಕಾದು ಕೂತಿದ್ದ. ಅಸಾಧ್ಯ ಮಾತುಗಾರ. ಅವನು ಬಂದು ಒಪೊಲೊಟ್‌ನ ಪಕ್ಕ ಕೂತರೆ ಮುಗಿಯಿತು, ಒಂದೇ ವಾರದಲ್ಲಿ ಇಬ್ಬರೂ ಮುಖ್ಯವಾದ ಮಾತುಗಳನ್ನೇ ಆಡಿಬಿಡುತ್ತಾರೆ. ಈ ಯೋಚನೆಗೆ ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ತಾವು ಬಿಟ್ಟಿದ್ದು ಅಜೋನನ್ನು, ಒಪೊಲೊಟ್‌ನನ್ನಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳುವುದು?

ಇಪ್ಪತ್ತನೆಯ ದಿನ ಒಂದು ಸೋಡಾ ಬಾಟಲಿ ಹಿಡಿದು ಮಾವಿನ ಮರಕ್ಕೆ ಹೋದರು. ಗಡಿಗೆಯ ಅಧ್ಯಕ್ಷ ಇಕಿರಿಟ್ ಅಜ್ಜ ಆ ಬಾಟಲಿಯನ್ನು ನೋಡಿದ, ಮೇಷ್ಟ್ರನ್ನು ನೋಡಿದ. ಈ ಸುತ್ತಿನಲ್ಲಿ ಒಂದೇ ಪಾತ್ರೆ, ಬೇರೆ ಪಾತ್ರೆಯವರು ಬೇರೆ ಕೂರಬೇಕು ಎಂದು ಮೃದುವಾಗಿಯೇ ತಿಳಿಸಿದ. ಮೇಷ್ಟ್ರು ಆಡುಗಳನ್ನು ಕಟ್ಟುವ ಗೂಟದ ಹತ್ತಿರ ಕೂತು ಸೋಡಾ ಮುಗಿಸಿದರು. ಆಡುಗಳೂ ಅವರನ್ನು ಅಷ್ಟಾಗಿ ಮಾತಾಡಿಸಲಿಲ್ಲ.

ಆಗ ಹೊಳೆಯಿತು ಆ ಮಹೋಪಾಯ. (ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು.) ಕೊಳವೆ ಗಡಿಗೆಯಲ್ಲಿರಲಿ, ಇನ್ನೊಂದು ತುದಿ ಬಾಯಲ್ಲಿರಲಿ, ನಡುವೆ ನಾಲಿಗೆ ಅಡ್ಡ ಇಟ್ಟುಬಿಟ್ಟರೆ ಯಾರಿಗೇನು ತಿಳಿಯುತ್ತದೆ? ಪ್ರತಿಜ್ಞೆಯೂ ಉಳಿಯಿತು, ಪೀಠವೂ ಉಳಿಯಿತು. ಎರಡು ದಿನ ಮನೆಯ ನೀರಿನ ಕೊಡದಲ್ಲಿ ಕೊಳವೆ ಇಳಿಬಿಟ್ಟು ಅಭ್ಯಾಸ ಮಾಡಿದರು, ಕೆನ್ನೆ ಒಳಗೆ ಎಳೆಯುವುದು, ಗಂಟಲಮಣಿ ಆಡಿಸುವುದು, ಆಗಾಗ "ಹಾ" ಅನ್ನುವುದು. ಅಸೆಕೆನ್ಯೆ ಬಾಗಿಲಲ್ಲಿ ನಿಂತು ನೋಡಿ, ಕೊಡ ಬದಲಾಯಿಸಿದಳು. ಮೇಷ್ಟ್ರು ನಟನೆಗೆ ಹತ್ತಕ್ಕೆ ಎಂಟು ಕೊಟ್ಟುಕೊಂಡರು.

ಇಪ್ಪತ್ತಾರನೆಯ ದಿನ ಮರಳಿ ಪೀಠಾರೋಹಣ. ತಂದೆಯ ಕಾಲದ ಆ ಕೊಳವೆ, ತುದಿಯ ಹೆಣೆದ ಜರಡಿ ಮಾತ್ರ ಹೊಸದು, ಗಡಿಗೆಗೆ ಇಳಿದಾಗ ಒಪೊಲೊಟ್ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. "ಬಂದ್ಯಾ," ಅಂದ. ಅಷ್ಟೇ ಅಂದದ್ದು. ಮೇಷ್ಟ್ರಿಗೆ ಕಣ್ಣು ತೇವವಾಯಿತು, ಒಲೆಯ ಹೊಗೆ ಎಂದು ಒರೆಸಿಕೊಂಡರು.

ಮೂರು ದಿನ ಸೊಗಸಾಗಿ ನಡೆಯಿತು. ಒಂದೇ ಒಂದು ತಾಪತ್ರಯ ಅಂದರೆ ಮೇಷ್ಟ್ರಿಗೆ ಈಗ ಎಲ್ಲ ನೆನಪಿರುತ್ತಿತ್ತು. ನಿನ್ನೆ ಆಡು ಕೊಡ್ತೀನಿ ಅಂದಿದ್ದೆಯಲ್ಲ ಎಂದು ಒಬ್ಬನನ್ನು ಕೇಳಿದರು, ಇದೇ ಕಥೆಯಲ್ಲಿ ನಿನ್ನೆ ಚಿರತೆ ಇನ್ನೂ ಚಿಕ್ಕದಿತ್ತು ಎಂದು ಇನ್ನೊಬ್ಬನನ್ನು ತಿದ್ದಿದರು. ಜನ ಅವರತ್ತ ಒಂಥರಾ ನೋಡತೊಡಗಿದರು. ಒಪೊಲೊಟ್ ಮೊಣಕೈಯಿಂದ ತಿವಿದು, ಸುಮ್ಮನೆ ಹೀರು ಮಾರಾಯ ಅಂದ.

ನಾಲ್ಕನೆಯ ದಿನ ಅಮುಗೆ ಬಿಸಿ ನೀರಿಗೆಂದು ಒಲೆಗೆ ಹಸಿ ಸೌದೆ ಒಡ್ಡಿದಳು. ಗಾಳಿ ಇತ್ತ ತಿರುಗಿತು. ಹೊಗೆ ನೇರ ಮೇಷ್ಟ್ರ ಮೂಗಿಗೆ. ಕುಡಿಯುತ್ತಿರುವವನಾಗಿದ್ದರೆ ಕೊಳವೆಯನ್ನು ಬಾಯಿಂದ ತೆಗೆದು ಪಕ್ಕದವನ ಕೈಗೆ ಕೊಟ್ಟು, ತಿರುಗಿ ಸೀನುತ್ತಿದ್ದ, ಇಪ್ಪತ್ತೆರಡು ವರ್ಷದ ರೂಢಿ. ಮೇಷ್ಟ್ರ ಗಮನವೆಲ್ಲ ನಾಲಿಗೆಯನ್ನು ಅಡ್ಡ ಇಡುವುದರ ಮೇಲಿತ್ತು. ಸೀನು ಬಂದಾಗ ನಾಲಿಗೆ ಸರಿಯಿತು, ಸೀನು ಪೂರ್ತಿ ಕೊಳವೆಯೊಳಗೆ ಇಳಿಯಿತು. ಗಡಿಗೆ ಬುಳುಬುಳು ಎಂದು ಕುದಿದು, ನೊರೆ ಉಕ್ಕಿ ಇಕಿರಿಟ್ ಅಜ್ಜನ ಪಾದಕ್ಕೆ ಹರಿಯಿತು.

ಹನ್ನೊಂದು ಕೊಳವೆಗಳು ಹನ್ನೊಂದು ಬಾಯಿಗಳಿಂದ ಹೊರಬಂದವು. ಗಡಿಗೆಯ ಸುತ್ತ ಏನು ಬೇಕಾದರೂ ಕ್ಷಮೆಯಾದೀತು, ಸುಳ್ಳು, ಬಡಾಯಿ, ಹೆಂಡತಿಯ ಮೇಲಿನ ದೂರು. ಗಡಿಗೆಯೊಳಕ್ಕೆ ಊದುವುದು ಮಾತ್ರ ಇಲ್ಲ. ಮಕ್ಕಳೂ ಹಾಗೆ ಮಾಡುವುದಿಲ್ಲ. ಮೇಷ್ಟ್ರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಇಕಿರಿಟ್ ಅಜ್ಜ ಪಾದ ಒರೆಸಿಕೊಂಡ. "ಮೇಷ್ಟ್ರೇ," ಅಂದ, "ಹೀರುವವನ ಉಸಿರು ಒಳಕ್ಕೆ ಹೋಗುತ್ತೆ. ನಿಮ್ಮದು ಹೊರಕ್ಕೆ ಬಂತು. ನೀವು ಕುಡೀತಾ ಇರಲಿಲ್ಲ ಅಲ್ವಾ?"

ಮೇಷ್ಟ್ರು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡರು, ಚರ್ಚು, ಪ್ರತಿಜ್ಞೆ, ನಾಲಿಗೆ. ಕುಡಿಯೋದು ಬೇಡ ಅನ್ನಿಸಿತು, ನಿಮ್ಮನ್ನೆಲ್ಲ ಬಿಟ್ಟಿರೋಕೆ ಆಗಲಿಲ್ಲ ಅಂದರು. ಒಪೊಲೊಟ್ ನೆಲ ನೋಡಿದ.

"ಅಯ್ಯೋ ದೇವರೇ," ಅಂದ ಅಜ್ಜ. "ಕುಡಿಯದೇ ಈ ಸುತ್ತಲ್ಲಿ ಕೂರೋ ಮನುಷ್ಯ ಒಬ್ಬ ಇರ್ತಾನಲ್ಲ, ಬಿಸಿ ನೀರು ಹೊಯ್ಯೋನು. ಎರಡು ವರ್ಷದಿಂದ ಆ ಕೆಲಸಕ್ಕೆ ಜನ ಇಲ್ಲ, ಅಮುಗೆನೇ ಮಾಡ್ತಾಳೆ. ಬಾಯಿಬಿಟ್ಟು ಹೇಳಿದ್ರೆ ಅವತ್ತೇ ಕೊಡ್ತಿದ್ವಿ."

ಮೇಷ್ಟ್ರು ಹತ್ತಕ್ಕೆ ಸೊನ್ನೆ ಕೊಟ್ಟುಕೊಂಡರು.

ಆದರೂ ದಂಡ ದಂಡವೇ. ಒಂದು ಕೋಳಿ, ಒಂದು ಗಡಿಗೆ ಅಜೋನ್. ಅಜೋನ್ ತಪ್ಪು ಮಾಡಿದವನ ಮನೆಯಲ್ಲೇ, ಅವನ ಮನೆಯಾಕೆಯ ಕೈಯಿಂದಲೇ ಆಗಬೇಕು. ಹದಿನೈದು ದಿನದೊಳಗೆ ಆಗದಿದ್ದರೆ ಮೇಷ್ಟ್ರ ಕೊಳವೆ ಮೇಲೆ, ಎಲುಂಗಟ್‌ನ ಕೊಳವೆ ಒಳಗೆ.

ಇದನ್ನು ಅಸೆಕೆನ್ಯೆಗೆ ಹೇಳುವುದಕ್ಕೆ ಮೇಷ್ಟ್ರು ಮನೆ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. ಗಂಡ ಕುಡಿತ ಬಿಟ್ಟನೆಂದು ಆಕೆ ಚರ್ಚಿನ ಮಹಿಳಾ ಸಂಘದಲ್ಲಿ ಸಾಕ್ಷಿ ನುಡಿದು ಇನ್ನೂ ವಾರವಾಗಿರಲಿಲ್ಲ. ಕೇಳಿದವಳು ಕೈಯಲ್ಲಿದ್ದ ಮೊರವನ್ನು ನಿಧಾನವಾಗಿ ಕೆಳಗಿಟ್ಟಳು.

"ನೀವು ಕುಡೀತಾ ಇದ್ದಾಗ ಇಪ್ಪತ್ತೆರಡು ವರ್ಷ ಈ ಮನೇಲಿ ಒಂದು ದಿನ ಹೆಂಡ ಮಾಡಿದವಳಲ್ಲ ನಾನು. ನೀವು ಬಿಟ್ಟ ಮೇಲೆ ಮಾಡಬೇಕಾ?"

"ಒಪೊಲೊಟ್..." ಅಂದರು ಮೇಷ್ಟ್ರು.

ಆಕೆ ಗಂಡನ ಮುಖ ನೋಡಿದಳು. ಒಳಗೆ ಹೋಗಿ ರಾಗಿ ಅಳೆದಳು. ಹಾಗೆ ನೋಡಿದರೆ ಆಕೆಯ ತಾಯಿಯ ಅಜೋನ್‌ಗೆ ಆರು ಹಳ್ಳಿ ದಾಟಿ ಜನ ಬರುತ್ತಿದ್ದರಂತೆ. ಕೈ ಆ ಕೆಲಸವನ್ನು ಮರೆತಿರಲಿಲ್ಲ. ರಾಗಿ ನೆನೆಸಿ ಹುಳಿ ಬರಿಸಿದಳು, ಹುರಿದಳು, ಒಣಗಿಸಿದಳು, ಮೊಳಕೆ ಹಿಟ್ಟು ಕೂಡಿಸಿದಳು. ನಡುವೆ ಸಲಹೆ ಕೊಡಲು ಬಂದ ಮೇಷ್ಟ್ರನ್ನು ಎರಡು ಸಲ ಅಂಗಳಕ್ಕೆ ಅಟ್ಟಿದಳು. ಕೆಲಸ ಮಾಡುತ್ತಾ ಏನೋ ಗುನುಗುತ್ತಿದ್ದಳು, ಅದು ಚರ್ಚಿನ ಹಾಡಾಗಿರಲಿಲ್ಲ.

ಹದಿನೈದನೆಯ ದಿನ ಸಂಜೆ ಹನ್ನೊಂದು ಜನ ಕೊಳವೆ ಹೊತ್ತು ಮೇಷ್ಟ್ರ ಅಂಗಳಕ್ಕೆ ಬಂದರು. ಅಧ್ಯಕ್ಷರಿಗೆ ಕುರ್ಚಿ, ಉಳಿದವರಿಗೆ ಶಾಲೆಯ ಬೆಂಚು. ಎಲುಂಗಟ್ ಬೇಲಿಯ ಹೊರಗೆ ಯಾವುದೋ ಹಸುವಿನ ಬಾಯಿ ಪರೀಕ್ಷೆ ಮಾಡುತ್ತಾ ಆಸೆಯಿಂದ ಇಣುಕುತ್ತಿದ್ದ. ಗಡಿಗೆ ಇಟ್ಟಾಯಿತು, ಬಿಸಿ ನೀರು ಹೊಯ್ದಾಯಿತು. ಇನ್ನು ಕಟ್ಟಳೆಯ ಪ್ರಕಾರ ಅಜೋನ್ ಮಾಡಿದವಳೇ ಮೊದಲು ಹೀರಿ ತೋರಿಸಬೇಕು, ಒಳಗೆ ವಿಷವಿಲ್ಲ, ಕೇಡಿಲ್ಲ ಎಂದು. ಅದಾಗದೆ ಯಾರೂ ಬಾಯಿ ಇಡುವಂತಿಲ್ಲ.

ಅಸೆಕೆನ್ಯೆಯ ಹತ್ತಿರ ಕೊಳವೆ ಎಲ್ಲಿತ್ತು? ಮೇಷ್ಟ್ರು ತಂದೆಯ ಕೊಳವೆಯನ್ನು ಎರಡು ಕೈಯಿಂದ ಹಿಡಿದು ಕೊಟ್ಟರು. ಆಕೆ ಒಪೊಲೊಟ್‌ನ ಪಕ್ಕದ ಖಾಲಿ ಜಾಗದಲ್ಲಿ ಬೆಂಚಿನ ತುದಿಗೆ ಕೂತು, ಬಲಗೈಯಲ್ಲಿ ಕೊಳವೆ ಹಿಡಿದು, ಕಣ್ಣು ಮುಚ್ಚಿ ಹೀರಿದಳು. ಹನ್ನೊಂದು ಜನ ಕಾದರು. ಕಣ್ಣು ತೆರೆಯಲಿಲ್ಲ. ಇನ್ನೊಮ್ಮೆ ಹೀರಿದಳು.

"ವಿಷ ಇಲ್ಲ," ಅಂದಳು. "ಕೇಡಿದೆಯಾ ಅಂತ ಇನ್ನೊಂದು ಸಲ ನೋಡಬೇಕು."

ಕೇಡು ಹುಡುಕುವ ಕೆಲಸ ಬಹಳ ಹೊತ್ತು ನಡೆಯಿತು. ಅಷ್ಟರಲ್ಲಿ ಉಳಿದವರೂ ಕೊಳವೆ ಇಳಿಬಿಟ್ಟರು, ಇಂಥ ಅಜೋನ್ ಕುಡಿದು ಎಷ್ಟು ಕಾಲವಾಯಿತೋ ಎಂದು ಇಕಿರಿಟ್ ಅಜ್ಜ ತಲೆದೂಗಿದ. ಅಸೆಕೆನ್ಯೆ ಬೆಂಚಿನ ತುದಿಯಿಂದ ಒಳಕ್ಕೆ ಸರಿದು ಸರಿಯಾಗಿ ಕೂತಳು. ಮುದ್ದೆ ತಿರುವುವ ವೈಜ್ಞಾನಿಕ ವಿಧಾನವನ್ನು ಅಭಿನಯಿಸಿ ತೋರಿಸಿದಳು, ಎಲ್ಲರೂ ಬೆಂಚು ಮುರಿಯುವಂತೆ ನಕ್ಕರು. ಒಪೊಲೊಟ್ ನಕ್ಕು ನಕ್ಕು ಆಕೆಯ ಕಡೆ ವಾಲಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಅಷ್ಟು ನಕ್ಕಿದ್ದನ್ನು ಮೇಷ್ಟ್ರು ಕಂಡಿರಲಿಲ್ಲ.

ಮೇಷ್ಟ್ರು ಹಿಂದಿನಿಂದ ಮೆಲ್ಲಗೆ ಅಧ್ಯಕ್ಷರ ಹತ್ತಿರ ಬಗ್ಗಿದರು. ದಂಡ ತೀರಿತು, ನನ್ನ ಜಾಗದ ಕಥೆ ಏನು ಎಂದು ಕೇಳಿದರು.

"ಜಾಗಕ್ಕೇನೂ ಆಗಿಲ್ಲ," ಅಂದ ಇಕಿರಿಟ್ ಅಜ್ಜ, ಕೊಳವೆ ಬಾಯಿಂದ ತೆಗೆಯದೆ. "ಕಟ್ಟಳೆ ಇರೋದು ಕೊಳವೆಗೆ, ಬಾಯಿಗಲ್ಲ. ನಿಮ್ಮ ಕೊಳವೆ ಒಳಗಿದೆಯಲ್ಲ."

ಬೇಲಿಯ ಹೊರಗೆ ಎಲುಂಗಟ್ ಹಸುವಿನ ಬಾಯಿ ಮುಚ್ಚಿ ಹೊರಟುಹೋದ. ಮೇಷ್ಟ್ರು ಬೆಂಚುಗಳ ಸುತ್ತ ಒಂದು ಸುತ್ತು ಬಂದರು. ಎಲ್ಲೂ ಸಂದು ಇರಲಿಲ್ಲ. ಹೆಂಡತಿಯ ಹಿಂದೆ ನಿಂತು, ಕತ್ತಲಾಗುತ್ತಾ ಬಂತು, ಒಲೆ ಹಚ್ಚಬೇಕಲ್ಲ ಎಂದು ನೆನಪಿಸಿದರು. ಆಕೆ ತಿರುಗಿ ನೋಡಲಿಲ್ಲ. ಗಡಿಗೆ ತಗ್ಗಿದ್ದರ ಮೇಲೆ ಕಣ್ಣಿಟ್ಟು, ಆ ಭಾನುವಾರ ಚರ್ಚಿನ ಎರಡನೇ ಸಾಲಿನಿಂದ ಕೇಳಿಬಂದಿದ್ದ ಅದೇ ದನಿಯಲ್ಲಿ ಹೇಳಿದಳು:

"ಮೇಷ್ಟ್ರೇ, ಬಿಸಿ ನೀರು ಹಾಕಿ, ಬಿಸಿ ನೀರು."

ಮೇಷ್ಟ್ರು ಕೆಟಲ್ ತರಲು ಒಳಗೆ ಹೋದರು.