ಅಕ್ಕ ಒಂದೊಂದು ಇಂಚು ಸೇರಿಸಿದ ಗುಪ್ತಸಂಖ್ಯೆ

ಇಮೇಲ್ ಕಂಪನಿಯ ಭದ್ರತಾ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಕತ್ತರಿ ಹಿಡಿದು ಬದುಕುವ ಒಬ್ಬ ದರ್ಜಿಯ ತಲೆಬಾಗಿದ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಖಾತೆಯಂತೂ ಪರಮ ಕ್ಷೇಮವಾಗಿದೆ, ಏಕೆಂದರೆ ಅದರೊಳಗೆ ಕಾಲಿಡಲು ನನ್ನಿಂದಲೇ ಆಗಿಲ್ಲ.

ಯಾವ ಕಂಪ್ಯೂಟರಿನಿಂದ ಬೇಕಾದರೂ ಪತ್ರ ಓದಬಹುದೆಂಬ ತಮ್ಮ ಮಾತನ್ನು ನಂಬಿ, ಅಂಗಡಿಯ ಮೊಬೈಲ್ ನಂಬರು ಕೊಟ್ಟು ಖಾತೆ ತೆರೆದೆ. ಕಳೆದ ಗುರುವಾರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಪರದೆ ಹಾಕಲು ಹೋದವನು, ಅವರನ್ನು ಕೇಳಿಕೊಂಡು ಅಲ್ಲಿನ ಕಂಪ್ಯೂಟರಿನ ಮುಂದೆ ಕುಳಿತೆ. ಹಿಂದೊಮ್ಮೆ ಬಸ್ಸಿನ ಅವಸರದಲ್ಲಿ ಅಂಗಡಿ ಬಾಗಿಲಲ್ಲೇ ನಿಂತು ಕೋಟಿಗೆ ಹೇಳಿಹೋಗಿದ್ದ ಪರವೂರಿನ ಮದುಮಗ, ಭಾನುವಾರದ ಮದುವೆಗೆಂದು ತಮ್ಮ ಅಳತೆಯನ್ನೂ ಫೋನ್ ನಂಬರನ್ನೂ ಅಂದು ಕಳಿಸುವವರಿದ್ದರು. ದಾರಿಯಲ್ಲೇ ಬಟ್ಟೆ ಕೊಂಡು ಹೋಗೋಣವೆಂಬುದು ನನ್ನ ಲೆಕ್ಕಾಚಾರ.

ಕಂಪ್ಯೂಟರು ಹೊಸದೆಂದು ಅನುಮಾನಪಟ್ಟ ತಮ್ಮ ಯಂತ್ರ, ಅಂಗಡಿಯ ಮೊಬೈಲಿಗೆ ಆರಂಕಿಯ ಗುಪ್ತಸಂಖ್ಯೆ ಕಳಿಸಿತು. ಡಾಕ್ಟರ ಫೋನಿನಿಂದ ಅಂಗಡಿಯಲ್ಲಿದ್ದ ಅಕ್ಕನಿಗೆ ಕರೆ ಮಾಡಿದೆ. ಅವಳು ಓದಿದಳು, ನಾನು ಒತ್ತಿದೆ, ತಪ್ಪು. ಇನ್ನೊಂದು ತರಿಸಿದೆ, ಅದೂ ತಪ್ಪು. ಮೂರನೆಯದಕ್ಕೆ ಖಾತೆಗೆ ಹತ್ತು ದಿನದ ಬೀಗ ಬಿತ್ತು. ಕುರ್ಚಿಯಲ್ಲಿದ್ದ ರೋಗಿಗಿಂತ ದೊಡ್ಡದಾಗಿ ನಾನೇ ಬಾಯಿ ತೆರೆದಿದ್ದೆ.

ಸಂಜೆ ಮೊಬೈಲು ನೋಡಿದಾಗ ಗುಟ್ಟು ಬಯಲಾಯಿತು. ಇಪ್ಪತ್ತೆರಡು ವರ್ಷಗಳಿಂದ ಅಕ್ಕ ಟೇಪು ಹಿಡಿದು ಅಳತೆ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಹೊಲಿಗೆಗೆ ಬಟ್ಟೆ ಸಾಲಬೇಕೆಂದು ಪ್ರತಿಯೊಂದಕ್ಕೂ ಒಂದು ಇಂಚು ಸೇರಿಸಿಯೇ ಹೇಳುವುದು ಅವಳ ರೂಢಿ. ತಾವು ಕಳಿಸಿದ ನಾಲ್ಕು ಐದಾಗಿ, ಏಳು ಎಂಟಾಗಿ ನನ್ನ ಕಿವಿಗೆ ಬಿದ್ದಿತ್ತು. ಕೇಳಿದ್ದಕ್ಕೆ, "ಇದ್ದಷ್ಟೇ ಹೇಳಿದ್ರೆ ನಾಳೆ ಬಿಗಿಯಾದಾಗ ಬಿಚ್ಚೋಕೆ ಬಟ್ಟೆ ಎಲ್ಲಿಂದ ತರ್ತೀಯೋ?" ಎಂದು ನನ್ನನ್ನೇ ಗದರಿದಳು.

ಇಂಥ ಅಕ್ಕನ ಮಾತಿಗೂ ಮಣಿಯದ ತಮ್ಮ ಯಂತ್ರದ ಗುಂಡಿಗೆಯನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಭಾವನಿಂದ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆಗದ್ದನ್ನು ಅದು ಹತ್ತು ನಿಮಿಷದಲ್ಲಿ ಮೂರು ಸಲ ಮಾಡಿತು. ಆದರೂ ದಯವಿಟ್ಟು ಗುಪ್ತಸಂಖ್ಯೆಗೂ ಒಂದಿಷ್ಟು ಸಡಿಲ ಬಿಡಿಸಿಕೊಡಬೇಕು. ಅದಾಗದಿದ್ದರೆ, ಕತ್ತರಿ ಹಿಡಿದು ಜಡ್ಡುಗಟ್ಟಿದ ನನ್ನ ಹೆಬ್ಬೆರಳನ್ನು ಕಂಡೊಡನೆ ಎದ್ದು ನಿಂತು ಬಾಗಿಲು ತೆರೆಯುವಂತೆ ಲೋಕದ ಸಮಸ್ತ ಕಂಪ್ಯೂಟರುಗಳಿಗೂ ಅಪ್ಪಣೆ ಕೊಡಿಸಬೇಕು.

ಮದುಮಗನನ್ನು ಬಾಗಿಲಲ್ಲಿ ಕಂಡ ನೆನಪಿನ ಮೇಲೆಯೇ ಕೋಟು ಹೊಲಿದು, ಮದುವೆಯ ಮುಂಜಾನೆ ಒಯ್ಯಲು ಬಂದ ಅವರ ಕಡೆಯವರ ಕೈಗೆ ಕೊಟ್ಟೆ. ಅಕ್ಕನ ಒಂದು ಇಂಚಿಲ್ಲದೆ ನಾನು ಹೊಲಿದ ಮೊದಲ ಕೋಟು ಅದು. ಕಂಕುಳಲ್ಲಿ ಎಷ್ಟು ಬಿಗಿಯೆಂದರೆ, ಮದುವೆಯ ಅಷ್ಟೂ ಫೋಟೋಗಳಲ್ಲಿ ಮದುಮಗ ಎರಡೂ ಕೈಗಳನ್ನು ಮೈಗೆ ಅಂಟಿಸಿಕೊಂಡು ನಿಂತಿದ್ದಾರೆ. ಎಂಥ ವಿನಯವಂತ ಅಳಿಯ ಎಂದು ಬೀಗರು ಕೊಂಡಾಡಿದರಂತೆ. ನನಗೆ ಮಾತ್ರ ಆ ಫೋಟೋ ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ.

ತಮಗೆ ನನ್ನ ಮೇಲೆ ಇಲ್ಲದಿದ್ದರೂ ನನಗೆ ತಮ್ಮ ಮೇಲೆ ಇರುವುದರಿಂದ,

ತಮ್ಮ ವಿಶ್ವಾಸಿ,
ಬೀಗದ ಹೊರಗಿನ ದರ್ಜಿ

ತಾ.ಕ.: ಅಕ್ಕನಿಗಿಂತ ತಮ್ಮ ಕಂಪನಿಯನ್ನು ತಿದ್ದುವುದು ಸುಲಭವೆಂದು ಅನುಭವಸ್ಥರಾದ ಭಾವ ಹೇಳುತ್ತಾರೆ. ಆದ್ದರಿಂದ ಮುಂದಿನ ಸಲ ಪ್ರತಿ ಅಂಕಿಯನ್ನೂ ಒಂದು ಕಡಿಮೆ ಮಾಡಿ ಕಳಿಸಿ. ಉಳಿದದ್ದನ್ನು ಅವಳು ಸೇರಿಸುತ್ತಾಳೆ.