ಮಾವನವರ ಇಪ್ಪತ್ತೊಂದು ಕಡ್ಡಿ

ನಮ್ಮ ಮಾವನವರ ಕೈಗೆ ಒಂದು ಹೊಸ ಪೊರಕೆ ಕೊಟ್ಟು ನೋಡಿ. ಮನೆಯ ಕಸ ಹಾಗೇ ಇರುತ್ತದೆ, ಪೊರಕೆ ಮಾಯವಾಗಿರುತ್ತದೆ! ತೆಂಗಿನ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಇಪ್ಪತ್ತೊಂದು ಎಣಿಸಿ, ಒಂದಕ್ಕೆ ಕುಂಕುಮ ಹಚ್ಚಿ ರಾಣಿ ಎಂದು ಹೆಸರಿಟ್ಟು ಜೇಬಿಗೆ ಸೇರಿಸಿಬಿಡುತ್ತಾರೆ. ನಂಜನಗೂಡಿನಲ್ಲಿ ನಲವತ್ತು ವರ್ಷ ವಾಚ್ ರಿಪೇರಿ ಮಾಡಿದವರು. ಈಗ ವಾಚ್ ಕಟ್ಟುವವರೇ ಕಡಿಮೆ, ಆ ಬೆರಳುಗಳಿಗೆ ಕೆಲಸ ಬೇಡವೇ?

ಆಟ ಇಷ್ಟೇ. ಕಡ್ಡಿಗಳನ್ನು ಟೀಪಾಯಿಯ ಮೇಲೆ ಸುರಿಯಬೇಕು, ಉಳಿದವು ಅಲುಗದಂತೆ ಒಂದೊಂದನ್ನೇ ಎತ್ತಬೇಕು. ಅಲುಗಿದರೆ ಸರದಿ ಎದುರಿನವರಿಗೆ. ರಾಣಿ ಸಿಕ್ಕವರು ಗೆದ್ದಂತೆ. ಆದರೆ ಮಾವನವರನ್ನು ಕೇಳಿ! ತಾಳ್ಮೆ ಬೆಳೆಯುತ್ತದೆ, ಕಣ್ಣು ಚುರುಕಾಗುತ್ತದೆ, ಬಿಪಿ ಇಳಿಯುತ್ತದೆ, ಮಲಬದ್ಧತೆಗೂ ಒಳ್ಳೆಯದಂತೆ! ಕೈ ಹತೋಟಿಗೆ ಬಂದರೆ ನಾಲಗೆಯೂ ಬರುತ್ತದೆ ಅನ್ನುತ್ತಾರೆ. ಹಾಗಾದರೆ ನಿಮ್ಮದು ಯಾಕೆ ಬಂದಿಲ್ಲ ಎಂದು ನಮ್ಮ ಅತ್ತೆ ಮದುವೆಯಾದಂದಿನಿಂದ ಕೇಳುತ್ತಿದ್ದಾರೆ.

ನಾನು ಹೆಣ್ಣು ನೋಡಲು ಹೋದ ದಿನ ಉಪ್ಪಿಟ್ಟಿಗಿಂತ ಮೊದಲು ಕಡ್ಡಿ ಬಂದವು. ಕೆಲಸ ಏನೆಂದು ಕೇಳಲಿಲ್ಲ, ನಕ್ಷತ್ರ ಕೇಳಲಿಲ್ಲ. ಬಾಗಿಲ ಸಂದಿಯಿಂದ ಹುಡುಗಿ ನೋಡುತ್ತಿರುವಾಗ ಯಾರ ಕೈ ತಾನೇ ನಿಂತೀತು? ಮೂರು ಆಟ, ಮೂರೂ ಸೋತೆ. ಸಂಬಂಧ ಕೆಟ್ಟಿತೆಂದು ನಮ್ಮಪ್ಪ ಚಪ್ಪಲಿ ಹುಡುಕತೊಡಗಿದರು. ಮಾವನವರು ನನ್ನನ್ನೇ ದಿಟ್ಟಿಸಿ, "ಕೈ ಸುಮಾರು. ಆದ್ರೆ ಮೂರು ಸತಿ ಸೋತ್ರೂವೆ ಮೊಕ ಗಂಟಾಕ್ಕೊಳ್ನಿಲ್ಲ. ಮಡೀಕಬೋದು" ಎಂದರು. ಹಾಗೆ ನನ್ನನ್ನು ಅಳಿಯನಾಗಿ ಮಡಗಿಕೊಂಡರು!

ಇದೆಲ್ಲ ನಗುವ ಮಾತಾಯಿತು. ನಮ್ಮ ಮಗಳ ವಿಷಯದಲ್ಲಿ ಮಾತ್ರ ನಮಗೆ ನಗು ಬರಲಿಲ್ಲ. ಆರು ತುಂಬುತ್ತಾ ಬಂದರೂ ಅವಳ ಬೆರಳಲ್ಲಿ ಪೆನ್ಸಿಲ್ ನಿಲ್ಲುತ್ತಿರಲಿಲ್ಲ. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಹೆಸರು ಬರೆಯಲು ಬಾರದಿದ್ದರೆ ಮತ್ತೆ ಯುಕೆಜಿಯಲ್ಲೇ ಕೂರಿಸುತ್ತೇವೆಂದು ತಿ. ನರಸೀಪುರದ ಅವಳ ಟೀಚರಮ್ಮ ಹೇಳಿಬಿಟ್ಟರು. ಜೊತೆಯ ಮಕ್ಕಳು ನಕ್ಕರಂತೆ. ಅಂದಿನಿಂದ ಮಗು ಬಲಗೈಯನ್ನು ಫ್ರಾಕಿನ ಜೇಬಿನಿಂದ ಈಚೆಗೇ ತೆಗೆಯಲಿಲ್ಲ. ಊಟವನ್ನೂ ಅಮ್ಮನೇ ತಿನ್ನಿಸಬೇಕು.

ಸುದ್ದಿ ಕೇಳಿದ ಮಾವನವರು ಮಾರನೆಯ ದಿನದ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಬ್ಯಾಗಿಲ್ಲ, ಜೇಬಿನಲ್ಲಿ ಕಡ್ಡಿ! ಅಂದೇ ಆಟ ಶುರು. ಜೇಬಿನಲ್ಲಿ ಕೈಯಿಟ್ಟುಕೊಂಡು ಕಡ್ಡಿ ಎತ್ತಲಾಗುವುದಿಲ್ಲವಲ್ಲ, ಕೈ ಈಚೆಗೆ ಬಂತು. ಆದರೆ ಮೊಮ್ಮಗಳೆಂಬ ರಿಯಾಯಿತಿ ಉಂಟೇ? ಸಾಸಿವೆಯಷ್ಟು ಜರುಗಿದರೂ "ಅಲ್ಲಾಡ್ತು!" ಮಗು ಸೋತು ಸೋತು ಅಳುತ್ತಿತ್ತು. ಒಂದಾಟವಾದರೂ ಬಿಟ್ಟುಕೊಡಬಾರದೇ ಎಂದು ನನ್ನ ಹೆಂಡತಿ ಅಪ್ಪನ ಮೇಲೆ ರೇಗಿದಳು.

"ಇವತ್ತು ನಾ ಬುಟ್ಕೊಡ್ತೀನಿ ಕಣವ್ವ. ನಾಳೆ ಪೆನ್ಸಿಲ್ ಬುಟ್ಕೊಡ್ತದಾ?"

ಇಡೀ ತಿಂಗಳು ಮಗು ಒಂದಾಟವನ್ನೂ ಗೆಲ್ಲಲಿಲ್ಲ.

ಶಾಲೆ ತೆರೆದ ದಿನ ಅವಳು ಹೆಸರು ಬರೆದಳು. ಒಂದಕ್ಷರ ಅಟ್ಟದ ಮೇಲೆ, ಒಂದು ನೆಲದ ಮೇಲೆ, ಆದರೂ ಒಂದನೇ ಕ್ಲಾಸು ಸಿಕ್ಕಿತು! ನಾನು ಹೇಳಬೇಕೆಂದಿರುವುದು ಅದರ ಹಿಂದಿನ ಸಂಜೆಯ ಮಾತು.

ಅಂದು ಕೊನೆಯ ಆಟ. ರಾಣಿಯ ಮೇಲೆ ಇನ್ನು ಮೂರೇ ಕಡ್ಡಿ, ಸರದಿ ಮಾವನವರದು. ಒಂದನ್ನು ಎತ್ತಿದರು. ಬೇರೆ ಯಾವುದೂ ಅಲುಗಲಿಲ್ಲ, ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಮೊಮ್ಮಗಳ ಮುಖವನ್ನೊಮ್ಮೆ ನೋಡಿದವರೇ ಕಡ್ಡಿಯನ್ನು ಇದ್ದಲ್ಲೇ ಇಟ್ಟು, "ಥೂ, ಅಲ್ಲಾಡ್ತು. ನಿನ್ನಾಟ ಕಣವ್ವ" ಎಂದರು. ಕಡ್ಡಿಯಾಟದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದೇ ಇರಬೇಕು.

ತಿಂಗಳಿಡೀ ಗೆಲುವಿಗಾಗಿ ಹಂಬಲಿಸಿದ್ದ ಮಗು ಕಡ್ಡಿಗೆ ಕೈ ಹಾಕಲಿಲ್ಲ.

"ಇಲ್ಲ ತಾತ, ಅಲ್ಲಾಡ್ಲಿಲ್ಲ. ನಾನ್ ನೋಡ್ದೆ. ನೀನೇ ಎತ್ತು."

ಮಾವನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರು ಕಡ್ಡಿಗೆ ಬೆರಳು ತಾಗಿಸಿದರು. ವಾಚಿನೊಳಗಿನ ಸ್ಪ್ರಿಂಗ್ ಹಿಡಿದು ಹಿಡಿದು ಪಳಗಿದ ಕೈ ಗಡಗಡ ನಡುಗಿತು. ಮೂರೂ ಕಡ್ಡಿ ಒಟ್ಟಿಗೇ ಜರುಗಿದವು.

"ಈಗ ಅಲ್ಲಾಡ್ತು ತಾತ" ಎಂದು ಮಗಳು ಬಲಗೈ ಚಾಚಿದಳು. "ಈಗ ನನ್ನಾಟ."